ತಪ್ಪಾಗಿದೆ ಸರಿ, ಆದರೆ ಯಾವಾಗ ಬಂದ್ರಿ? ಚುನಾವಣೆ ತಕರಾರು ಮತ್ತು ಕೋರ್ಟು

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ಮುಂದಿನ ಮತದಾನ ನಡೆದಿದ್ದು 2021ರ ಸೆಪ್ಟೆಂಬರ್ 3ಕ್ಕೆ. ನಡುವಿನ ಸುಮಾರು ಎರಡೂವರೆ ವರ್ಷ ಗಟಾರ ತುಂಬಿದರೂ, ನಳಕ್ಕೆ ನೀರು ಬರದಿದ್ದರೂ ಹೇಳಿಕೊಳ್ಳಲು ಓಣಿಗೊಬ್ಬ ಕಾರ್ಪೊರೇಟರ್ ಇರಲಿಲ್ಲ. ವಾರ್ಡ್‌ಗಳ ಸಂಖ್ಯೆ 67ರಿಂದ 82ಕ್ಕೆ ಏರಿತ್ತು. ಗಡಿ ಹೇಗೆ ಹಾಕಿದ್ದೀರಿ, ಯಾವ ವಾರ್ಡು ಯಾರಿಗೆ ಮೀಸಲು ಎಂಬ ತಕರಾರು ಕೋರ್ಟಿಗೆ ಹೋಗಿತ್ತು. ಅದರ ಮೇಲೆ ಕೋವಿಡ್ ಬಂತು.

ಇನ್ನೊಂದು ಕಡೆ ನೋಡಿ. ವಿಧಾನಸಭೆ ಚುನಾವಣೆಯಲ್ಲಿ ಒಬ್ಬ ಉಮೇದುವಾರನ ನಾಮಪತ್ರವನ್ನು ಚುನಾವಣಾಧಿಕಾರಿ ತಿರಸ್ಕರಿಸುತ್ತಾರೆ. ಕಾರಣ ತೀರಾ ಹುರುಳಿಲ್ಲದ್ದು ಅಂತಲೇ ಇಟ್ಟುಕೊಳ್ಳಿ. ಆತ ಮರುದಿನವೇ ಹೈಕೋರ್ಟಿಗೆ ಓಡಿದರೆ ಅಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: ಈಗ ಆಗುವುದಿಲ್ಲ, ಫಲಿತಾಂಶ ಬಂದ ಮೇಲೆ ಬನ್ನಿ.

ಒಂದು ಕಡೆ ಇಡೀ ಊರಿನ ಚುನಾವಣೆಯೇ ತಕರಾರಿನಲ್ಲಿ ನಿಲ್ಲುತ್ತದೆ. ಇನ್ನೊಂದು ಕಡೆ ಕಣ್ಣಿಗೆ ಕಾಣುವ ಅನ್ಯಾಯಕ್ಕೂ ಕೋರ್ಟು ಕೈ ಹಾಕುವುದಿಲ್ಲ. ಇದೇನು ನ್ಯಾಯ ಅಂತ ಅನಿಸುತ್ತೆ, ಅಲ್ವಾ? ಇದರ ಬೀಗದ ಕೈ ಇರುವುದು ತಾರೀಖಿನಲ್ಲಿ. ಚುನಾವಣೆ ವಿಷಯದಲ್ಲಿ ಕೋರ್ಟು ಮೊದಲು ಕೇಳುವುದು ಯಾವಾಗ ಬಂದ್ರಿ ಅಂತ. ತಪ್ಪಾಗಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಚುನಾವಣೆ ಸಾರುವ ಅಧಿಸೂಚನೆ ಹೊರಡುವ ಮುಂಚೆ ಬಂದರೆ ಒಂದು ದಾರಿ, ನಡುವೆ ಬಂದರೆ ಬಾಗಿಲು ಹೆಚ್ಚುಕಡಿಮೆ ಬಂದ್, ಮುಗಿದ ಮೇಲೆ ಬಂದರೆ ಬೇರೆಯೇ ದಾರಿ.

ನಡುವೆ ಯಾಕೆ ಬಂದ್?

ಸಂವಿಧಾನದ 329ನೇ ವಿಧಿಯ ಎರಡನೇ ಭಾಗದಲ್ಲಿ ಇದು ಇದೆ. ಸಂಸತ್ತು ಅಥವಾ ವಿಧಾನಮಂಡಲದ ಚುನಾವಣೆಯನ್ನು ಪ್ರಶ್ನಿಸಬೇಕಾದರೆ ಚುನಾವಣಾ ತಕರಾರು ಅರ್ಜಿಯ ಮೂಲಕವೇ ಪ್ರಶ್ನಿಸಬೇಕು, ಬೇರೆ ದಾರಿ ಇಲ್ಲ. ಅದಕ್ಕೆ ಅರ್ಥ ಹೇಳುವ ಕೆಲಸ ದೇಶದ ಮೊದಲ ಮಹಾಚುನಾವಣೆಯ ಹೊತ್ತಿಗೇ ಸುಪ್ರೀಂ ಕೋರ್ಟಿನ ಮುಂದೆ ಬಂತು.   ಮದ್ರಾಸ್ ರಾಜ್ಯದ ನಾಮಕ್ಕಲ್ ಕ್ಷೇತ್ರದಲ್ಲಿ ಪೊನ್ನುಸ್ವಾಮಿ ಎಂಬುವರ ನಾಮಪತ್ರ ತಿರಸ್ಕೃತವಾಯಿತು. ಅಧಿಕಾರಿಯ ಆದೇಶ ರದ್ದು ಮಾಡಿ ಅಂತ ಅವರು ನೇರ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು, ಅಲ್ಲಿ ಆಗದಿದ್ದಾಗ ಸುಪ್ರೀಂ ಕೋರ್ಟಿಗೆ ಹೋದರು. 1952ರ ಜನವರಿ 21ರಂದು ತೀರ್ಪು ಬಂತು. ಅಧಿಸೂಚನೆಯಿಂದ ಹಿಡಿದು ಫಲಿತಾಂಶದವರೆಗೆ ಎಲ್ಲ ಸೇರಿ ಒಂದೇ ಪ್ರಕ್ರಿಯೆ, ಅದರ ಯಾವ ಹಂತಕ್ಕೂ ಕೋರ್ಟು ನಡುವೆ ಬರುವಂತಿಲ್ಲ ಎಂದರು. ಎಪ್ಪತ್ತು ವರ್ಷ ಕಳೆದರೂ ಆ ತೀರ್ಪು ಅಲುಗಿಲ್ಲ.

ಕಾರಣ ಸರಳ. ನಮ್ಮ ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ. ಒಂದೊಂದರಲ್ಲೂ ತಿರಸ್ಕೃತ ನಾಮಪತ್ರಗಳು ಇರುತ್ತವೆ, ಚಿಹ್ನೆಯ ಜಗಳ ಇರುತ್ತೆ, ಮತಗಟ್ಟೆಯ ದೂರು ಇರುತ್ತೆ. ಒಬ್ಬೊಬ್ಬರಿಗೂ ಒಂದೊಂದು ತಡೆಯಾಜ್ಞೆ ಸಿಕ್ಕರೆ ಚುನಾವಣೆ ಮುಗಿಯುವುದೇ ಇಲ್ಲ. ಅಧಿಕಾರ ಬಿಡಲು ಮನಸ್ಸಿಲ್ಲದ ಸರಕಾರಕ್ಕೆ ಅದಕ್ಕಿಂತ ಒಳ್ಳೆಯ ವರ ಬೇಕಾ? ಹಾಗಾಗಿ ಈ ನಿಯಮ ಕಠಿಣ ಅನಿಸಿದರೂ ನನಗೆ ಒಪ್ಪಿಗೆಯಾಗುತ್ತದೆ.

ಪೂರ್ತಿ ಬಂದ್ ಅಂತಲೂ ಅಲ್ಲ. 2000ದಲ್ಲಿ ಅಶೋಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ಚುನಾವಣೆ ಸುಸೂತ್ರವಾಗಿ ನಡೆಯಲು ನೆರವಾಗುವ ಆದೇಶವನ್ನು ಕೋರ್ಟು ಕೊಡಬಹುದು. ಅದನ್ನು ನಿಲ್ಲಿಸುವ, ಎಳೆಯುವ, ಮುಂದೂಡುವ ಆದೇಶ ಕೂಡದು. ಸಾಕ್ಷ್ಯ ಹಾಳಾಗಿ ಹೋಗುತ್ತದೆ ಅಂದಾಗ ಅದನ್ನು ಕಾಪಾಡಿಡಿ ಅನ್ನಬಹುದು, ಅಷ್ಟೇ.

ನವಲಗುಂದದ ಪಕ್ಷೇತರ, ಹತ್ತು ಸೂಚಕರು

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ನವಲಗುಂದದಲ್ಲಿ ಒಬ್ಬರು ಪಕ್ಷೇತರರಾಗಿ ನಾಮಪತ್ರ ಹಾಕುತ್ತಾರೆ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ, ಅಂದರೆ ಹೆಸರು ಸೂಚಿಸಿ ಸಹಿ ಹಾಕುವ ಮತದಾರ, ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ಹತ್ತರಲ್ಲಿ ಒಬ್ಬರ ಮತದಾರರ ಪಟ್ಟಿಯ ಕ್ರಮಸಂಖ್ಯೆ ಒಂದಂಕಿ ತಪ್ಪಾಗಿದೆ. ಪರಿಶೀಲನೆಯ ದಿನ ಅಧಿಕಾರಿ ಅದನ್ನೇ ಹಿಡಿದು ತಿರಸ್ಕರಿಸುತ್ತಾರೆ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 36ನೇ ಕಲಂ ಪ್ರಕಾರ ಗಂಭೀರವಲ್ಲದ ದೋಷಕ್ಕೆ ನಾಮಪತ್ರ ತಿರಸ್ಕರಿಸುವಂತಿಲ್ಲ. ಅಂದರೆ ನಮ್ಮ ಪಕ್ಷೇತರರ ಕಡೆ ಕಾನೂನು ಇದೆ. ಅವರು ವಕೀಲರ ಹತ್ತಿರ ಹೋಗಿ, "ಸಾಹೇಬ್ರ, ಸ್ಟೇ ತರಬಹುದಲ್ರೀ?" ಅಂತ ಕೇಳುತ್ತಾರೆ. "ಈಗ ಏನೂ ಮಾಡಾಕ ಬರಂಗಿಲ್ರೀ. ತಿರಸ್ಕಾರದ ಆದೇಶದ ನಕಲು ಇಸಗೊಂಡು ಇಟ್ಟುಕೊಳ್ರಿ, ಎಣಿಕೆ ಮುಗೀಲಿ" ಅನ್ನುತ್ತಾರೆ ವಕೀಲರು. ತಿಳಿದ ವಕೀಲರು ಹೀಗೇ ಹೇಳುವುದು.

ಎಣಿಕೆ ಮುಗಿದ ಮೇಲೆ ಚಿತ್ರ ಬದಲಾಗುತ್ತದೆ. ಇಲ್ಲಿ ಕಾನೂನು ಎರಡು ತಪ್ಪುಗಳನ್ನು ಬೇರೆ ಬೇರೆ ತೂಕಕ್ಕೆ ಹಾಕುತ್ತದೆ. ಒಂದೇ ಒಂದು ನಾಮಪತ್ರ ತಪ್ಪಾಗಿ ತಿರಸ್ಕೃತವಾಗಿದೆ ಅಂತ ಸಾಬೀತಾದರೂ ಸಾಕು, ಆ ಕ್ಷೇತ್ರದ ಇಡೀ ಚುನಾವಣೆ ಅಸಿಂಧು. ಗೆದ್ದವರು ಐವತ್ತು ಸಾವಿರ ಮತದಿಂದ ಗೆದ್ದಿರಲಿ, ಆ ಪಕ್ಷೇತರ ನಿಂತಿದ್ದರೆ ನೂರು ಮತವೂ ಬೀಳುತ್ತಿರಲಿಲ್ಲ ಅನ್ನಿ, ಲೆಕ್ಕಕ್ಕೇ ಇಲ್ಲ. ಆದರೆ ನಾಮಪತ್ರ ತಪ್ಪಾಗಿ ಸ್ವೀಕೃತವಾಗಿದ್ದರೆ ಕಥೆ ಬೇರೆ. ಆಗ ಅದರಿಂದ ಫಲಿತಾಂಶಕ್ಕೆ ನಿಜವಾಗಿ ಧಕ್ಕೆಯಾಗಿದೆ ಅಂತ ಅರ್ಜಿದಾರರೇ ತೋರಿಸಬೇಕು. ತಪ್ಪಾಗಿ ಕಣದಲ್ಲಿ ಉಳಿದ ಮೂರನೆಯವನಿಗೆ ಬಿದ್ದ ಮತಗಳು, ಅವನು ಇರದಿದ್ದರೆ ಯಾರಿಗೆ ಬೀಳುತ್ತಿದ್ದವು? ಮತದಾನ ಗುಟ್ಟಿನದು, ಯಾರು ಸಾಕ್ಷಿ ಹೇಳುತ್ತಾರೆ? ಅಂದಾಜಿನ ಮೇಲೆ ಚುನಾವಣೆ ರದ್ದು ಮಾಡಲಾಗುವುದಿಲ್ಲ ಅಂತ 1954ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಗೆದ್ದವರ ನಾಮಪತ್ರವೇ ಸರಿಯಿರಲಿಲ್ಲ ಅಂದಾಗ ಮಾತ್ರ ಹಾದಿ ಸಲೀಸು.

ಇದರ ಒಂದು ಪರಿಣಾಮ ಚುನಾವಣಾಧಿಕಾರಿಗಳ ಟೇಬಲ್ಲಿನಲ್ಲೇ ಕಾಣುತ್ತದೆ. ಸಂಶಯ ಇದ್ದಾಗ ನಾಮಪತ್ರ ಸ್ವೀಕರಿಸುವುದೇ ಕ್ಷೇಮ. ತಪ್ಪು ಸ್ವೀಕಾರಕ್ಕೆ ಚುನಾವಣೆ ಬೀಳುವುದು ಅಪರೂಪ, ತಪ್ಪು ತಿರಸ್ಕಾರಕ್ಕೆ ಬಿದ್ದೇ ಬೀಳುತ್ತದೆ.

ನಲವತ್ತೈದು ದಿನ

ವಿಧಾನಸಭೆ, ಲೋಕಸಭೆಯ ತಕರಾರು ಅರ್ಜಿಯನ್ನು ಕೇಳುವುದು ಹೈಕೋರ್ಟು. 1966ಕ್ಕೆ ಮುಂಚೆ ಇದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿದ್ದವು. ಅರ್ಜಿಯನ್ನು ಸೋತವರೇ ಹಾಕಬೇಕೆಂದಿಲ್ಲ. ಆ ಕ್ಷೇತ್ರದ ಯಾವ ಮತದಾರರೂ ಹಾಕಬಹುದು. ಅದಕ್ಕೆ ಕೋರ್ಟಿನಲ್ಲಿ ಇಡಬೇಕಾದ ಭದ್ರತಾ ಠೇವಣಿ ಕೇವಲ 2,000 ರೂಪಾಯಿ. ವಕೀಲರ ಶುಲ್ಕದ ಮಾತು ಬೇರೆ ಬಿಡಿ.

ಗಡುವು ಮಾತ್ರ ಕಟ್ಟುನಿಟ್ಟು. ಫಲಿತಾಂಶ ಘೋಷಣೆಯಾದ ದಿನದಿಂದ 45 ದಿನ. ಉಳಿದ ದಾವೆಗಳಲ್ಲಿ ಆರಾಮಿರಲಿಲ್ಲ, ಊರಲ್ಲಿರಲಿಲ್ಲ ಅಂತ ಕಾರಣ ಕೊಟ್ಟು ವಿಳಂಬ ಮನ್ನಿಸಿ ಅನ್ನಬಹುದು. ಇಲ್ಲಿ ಅದು ನಡೆಯುವುದಿಲ್ಲ. 46ನೇ ದಿನ ಬಂದ ಅರ್ಜಿಯಲ್ಲಿ ಎಂಥ ಸತ್ಯವಿದ್ದರೂ ಅದು ತೆರೆಯದ ಲಕೋಟೆಯಂತೆ ವಾಪಸ್. ಎದುರಾಳಿಗಳು ಎಷ್ಟು ಮಂದಿಯೋ ಅಷ್ಟು ನಕಲು ಬೇಕು, ನಕಲಿನ ಮೇಲೆ ಅರ್ಜಿದಾರರ ಸ್ವಂತ ಸಹಿ ಬೇಕು. ಭ್ರಷ್ಟ ಆಚರಣೆಯ ಆರೋಪ ಹೊರಿಸಿದರೆ ಅದಕ್ಕೆ ಬೇರೆ ಪ್ರಮಾಣಪತ್ರ. ದುಡ್ಡು ಹಂಚಿದರು ಅಂತ ಸುಮ್ನೆ ಬರೆದರೆ ಆಗದು. ಯಾರು, ಯಾರಿಗೆ, ಎಲ್ಲಿ, ಯಾವತ್ತು ಎಂಬುದು ಬೇಕು. ಪುರಾವೆಯೂ ಕ್ರಿಮಿನಲ್ ಕೇಸಿನಷ್ಟೇ ಗಟ್ಟಿ ಇರಬೇಕು, ಯಾಕೆಂದರೆ ಆರೋಪ ಸಾಬೀತಾದರೆ ಆರು ವರ್ಷದವರೆಗೆ ಚುನಾವಣೆಗೆ ನಿಲ್ಲದಂತೆ ಮಾಡಬಹುದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿ ಅವರ ರಾಯ್‌ಬರೇಲಿ ಆಯ್ಕೆಯನ್ನು ರದ್ದು ಮಾಡಿದ್ದು ಇಂಥದೇ ಒಂದು ತಕರಾರು ಅರ್ಜಿಯ ಮೇಲೆ. ಮುಂದಿನದು ಎಲ್ಲರಿಗೂ ಗೊತ್ತಿರುವ ಇತಿಹಾಸ.

ಇನ್ನೊಂದು ವಿಶೇಷ. ಅರ್ಜಿ ಹಾಕಿದವರು ಆಮೇಲೆ ಎದುರಾಳಿಯ ಜೊತೆ ರಾಜಿ ಮಾಡಿಕೊಂಡು ತಾವೇ ಹಿಂದಕ್ಕೆ ಪಡೆಯುವಂತಿಲ್ಲ. ಹೈಕೋರ್ಟಿನ ಅನುಮತಿ ಬೇಕು. ಒಳಒಪ್ಪಂದದ ವಾಸನೆ ಬಂದರೆ ಅನುಮತಿ ಸಿಗದು. ಹೊಲದ ಬದುವಿನ ತಂಟೆಯಾದರೆ ಅದು ಇಬ್ಬರ ಜಗಳ. ಇದರಲ್ಲಿ ಇಡೀ ಕ್ಷೇತ್ರವೇ ಮೂರನೇ ಕಕ್ಷಿದಾರ.

ಕಾಯ್ದೆಯ ಪ್ರಕಾರ ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು. ಪ್ರಯತ್ನ ಅಂತಷ್ಟೇ ಇದೆ, ಕಡ್ಡಾಯ ಅಂತಿಲ್ಲ. ವಾಸ್ತವದಲ್ಲಿ ವರ್ಷಗಳೇ ಹಿಡಿಯುತ್ತವೆ. ಹೈಕೋರ್ಟಿನಲ್ಲಿ ಗೆದ್ದರೆ ಎದುರಾಳಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುತ್ತಾರೆ, ಅಲ್ಲಿ ತಡೆಯಾಜ್ಞೆ. ಅಷ್ಟರಲ್ಲಿ ಮುಂದಿನ ಚುನಾವಣೆಯ ನೀತಿ ಸಂಹಿತೆ ಜಾರಿಯಾಗಿರುತ್ತದೆ. ನಡುವೆ ಬರಬೇಡಿ, ಆಮೇಲೆ ಬನ್ನಿ ಅನ್ನುವ ವ್ಯವಸ್ಥೆ ಆಮೇಲಿನ ದಾರಿಯನ್ನಾದರೂ ಚುರುಕಾಗಿ ಇಡಬೇಕಿತ್ತು. ನನ್ನ ದೊಡ್ಡ ತಕರಾರು ಇಲ್ಲೇ ಇರುವುದು.

ಹಿರೇಕೆರೂರು, ರಾಣೆಬೆನ್ನೂರು: 2019

ಹಾವೇರಿ ಜಿಲ್ಲೆಯವರಿಗೆ ಇದು ನೆನಪಿರಬೇಕು. 2019ರ ಜುಲೈನಲ್ಲಿ ವಿಧಾನಸಭೆಯ ಸ್ಪೀಕರ್ ಪಕ್ಷಾಂತರದ ಕಾರಣಕ್ಕೆ 17 ಶಾಸಕರನ್ನು ಅನರ್ಹಗೊಳಿಸಿದರು. ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರ ತನಕ, ಮತ್ತೆ ನಿಲ್ಲುವಂತಿಲ್ಲ ಎಂಬ ಷರತ್ತೂ ಸೇರಿತ್ತು. ಹಿರೇಕೆರೂರು, ರಾಣೆಬೆನ್ನೂರು ಎರಡೂ ಖಾಲಿಯಾದವು.

ಚುನಾವಣಾ ಆಯೋಗ ಅಕ್ಟೋಬರ್ 21ಕ್ಕೆ ಉಪಚುನಾವಣೆ ಗೊತ್ತು ಮಾಡಿತು. ನಾಮಪತ್ರ ಸಲ್ಲಿಕೆಯೂ ಶುರುವಾಯಿತು. ಅನರ್ಹರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿತ್ತು. ನಾವು ನಿಲ್ಲಬಹುದೋ ಇಲ್ಲವೋ ಗೊತ್ತಾಗುವ ಮುಂಚೆಯೇ ಚುನಾವಣೆ ಮುಗಿದು ಹೋಗುತ್ತಲ್ಲ ಎಂಬುದು ಅವರ ವಾದ. ಕೊನೆಗೆ ಆಯೋಗವೇ ಮುಂದೂಡುತ್ತೇವೆ ಅಂತ ಕೋರ್ಟಿಗೆ ತಿಳಿಸಿತು. ಮೇಲೆ ಹೇಳಿದ ಗೆರೆ ಹೀಗೂ ಉಳಿದುಕೊಳ್ಳುತ್ತದೆ. ನಿಲ್ಲಿಸಿ ಅಂತ ಕೋರ್ಟು ಹೇಳುವ ಪ್ರಮೇಯ ಬರಲಿಲ್ಲ, ಆಯೋಗ ತಾನಾಗಿ ನಿಂತಿತು.

ನವೆಂಬರ್ 13ಕ್ಕೆ ತೀರ್ಪು. ಅನರ್ಹತೆ ಸರಿ, ಆದರೆ ಎಷ್ಟು ಕಾಲ ಅಂತ ನಿಗದಿ ಮಾಡುವ ಅಧಿಕಾರ ಸ್ಪೀಕರ್‌ಗೆ ಇಲ್ಲ, ಅವರು ಮತ್ತೆ ಜನರ ಮುಂದೆ ಹೋಗಬಹುದು. ಡಿಸೆಂಬರ್ 5ಕ್ಕೆ ಮತದಾನ ನಡೆಯಿತು. ಹಿರೇಕೆರೂರಿನಲ್ಲಿ ಅನರ್ಹಗೊಂಡಿದ್ದ ಬಿ.ಸಿ. ಪಾಟೀಲರೇ ಗೆದ್ದು ಬಂದರು.

ಆದರೆ ಅಂದು ಚುನಾವಣೆ ನಡೆದಿದ್ದು 15 ಕ್ಷೇತ್ರಗಳಿಗೆ ಮಾತ್ರ. ಮಸ್ಕಿ ಮತ್ತು ರಾಜರಾಜೇಶ್ವರಿ ನಗರ ಬಾಕಿ ಉಳಿದವು, ಯಾಕೆಂದರೆ 2018ರ ಫಲಿತಾಂಶದ ಮೇಲಿನ ತಕರಾರು ಅರ್ಜಿಗಳು ಹೈಕೋರ್ಟಿನಲ್ಲಿ ಇನ್ನೂ ನಡೆಯುತ್ತಿದ್ದವು. ಮಸ್ಕಿಯಲ್ಲಿ ಗೆಲುವಿನ ಅಂತರ 213 ಮತ. ಅರ್ಜಿ ಗೆದ್ದರೆ ಸೋತವರನ್ನೇ ಶಾಸಕರೆಂದು ಘೋಷಿಸುವ ಅಧಿಕಾರ ಹೈಕೋರ್ಟಿಗಿದೆ. ಆಗ ನಡುವೆ ಇನ್ನೊಬ್ಬರನ್ನು ಆರಿಸಿಬಿಟ್ಟರೆ ಒಂದು ಕುರ್ಚಿಗೆ ಇಬ್ಬರಾಗುತ್ತಾರೆ. ಮಸ್ಕಿಯ ಉಪಚುನಾವಣೆ ನಡೆದಿದ್ದು 2021ರ ಏಪ್ರಿಲ್ 17ಕ್ಕೆ.

ನಿಯಮವನ್ನೇ ಪ್ರಶ್ನಿಸಿದಾಗ

ಇಲ್ಲಿಯವರೆಗೆ ಒಂದೊಂದು ಕ್ಷೇತ್ರದ ಮಾತಾಯಿತು. ನಿಯಮವೇ ಸರಿಯಿಲ್ಲ ಎಂದು ಪ್ರಶ್ನಿಸುವುದಾದರೆ ಯಾವ ಚುನಾವಣೆಗೂ ಕಾಯಬೇಕಾಗಿಲ್ಲ, ಗಡುವೂ ಇಲ್ಲ. ಕೋರ್ಟು ಹೆಚ್ಚು ಸದ್ದು ಮಾಡಿರುವುದು ಈ ದಾರಿಯಲ್ಲೇ. ಉಮೇದುವಾರರ ಆಸ್ತಿ, ಸಾಲ, ಕ್ರಿಮಿನಲ್ ಕೇಸು, ಓದು ಇವನ್ನೆಲ್ಲ ಇವತ್ತು ಮೊಬೈಲಿನಲ್ಲೇ ನೋಡುತ್ತೇವಲ್ಲ, ಅದು 2002ರ ಸುಪ್ರೀಂ ಕೋರ್ಟು ತೀರ್ಪಿನ ಫಲ. ಸಂಸತ್ತು ಅದನ್ನು ಮೊಟಕು ಮಾಡಲು ಕಾಯ್ದೆ ತಿದ್ದಿತು. 2003ರಲ್ಲಿ ಕೋರ್ಟು ಆ ತಿದ್ದುಪಡಿಯನ್ನೇ ಹೊಡೆದುಹಾಕಿತು. ಮತಯಂತ್ರದ ಕೊನೆಯ ನೋಟಾ ಗುಂಡಿ 2013ರದ್ದು. ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದ ಶಾಸಕ, ಸಂಸದರ ಸ್ಥಾನ ಕೂಡಲೇ ಹೋಗುತ್ತದೆ ಎಂಬುದೂ ಅದೇ ವರ್ಷದ್ದು. ಹೆಸರು ಹೇಳದೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ 2024ರ ಫೆಬ್ರುವರಿ 15ರಂದು ರದ್ದಾಯಿತು.

ಎಲ್ಲದಕ್ಕೂ ಹೂಂ ಅಂದಿದೆ ಅಂತಲ್ಲ. ಮತ ಯಾರಿಗೆ ಬಿತ್ತು ಅಂತ ಮತಯಂತ್ರದ ಪಕ್ಕ ಅಚ್ಚಾಗುವ ವಿವಿಪ್ಯಾಟ್ ಚೀಟಿಗಳನ್ನು ನೂರಕ್ಕೆ ನೂರು ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಯ ಚೀಟಿ ಎಣಿಸುವ 2019ರ ಪದ್ಧತಿಯೇ ಮುಂದುವರಿಯಿತು. ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಯಲ್ಲಿ ಮಧ್ಯದ ದಾರಿ ಹಿಡಿಯಿತು. ಪರಿಷ್ಕರಣೆ ನಿಲ್ಲಿಸಲಿಲ್ಲ. ಆದರೆ ಕೈಬಿಟ್ಟ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಅಂತ 2025ರ ಆಗಸ್ಟ್ 14ರಂದು ಆದೇಶ ಕೊಟ್ಟಿತು.

ಹುಬ್ಬಳ್ಳಿಯಲ್ಲಿ ಕೋರ್ಟು, ಚುನಾವಣೆ ಅಂದ ಕೂಡಲೇ ಬೊಮ್ಮಾಯಿ ಕೇಸ್ ಅನ್ನುವವರಿದ್ದಾರೆ. ಇಲ್ಲೇ ವಕೀಲಿ ಮಾಡಿದ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ 1994ರ ತೀರ್ಪು ದೊಡ್ಡದೇ, ಆದರೆ ಅದು ಚುನಾವಣೆ ತಕರಾರಲ್ಲ. ಸರಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಅಂತ ಹೇಳಿದ್ದು ಅದು.

ಊರಿನ ಚುನಾವಣೆಗೆ ಎರಡೂ ಕಡೆಯ ಪೆಟ್ಟು

ಪಂಚಾಯಿತಿ, ನಗರಸಭೆ, ಪಾಲಿಕೆಗೂ 329ರಂಥದೇ ತಡೆ ಸಂವಿಧಾನದಲ್ಲಿದೆ. ಗ್ರಾಮ ಪಂಚಾಯಿತಿ ಫಲಿತಾಂಶದ ಮೇಲೆ ತಕರಾರಿದ್ದರೆ 30 ದಿನದೊಳಗೆ ಸ್ಥಳೀಯ ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲೂ ಗತಿ ನಿಧಾನವೇ. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಎಂಬ ಹಳ್ಳಿಯ ಸರಪಂಚ್ (ಗ್ರಾಮ ಪಂಚಾಯಿತಿ ಮುಖ್ಯಸ್ಥ) ಚುನಾವಣೆ 2022ರ ನವೆಂಬರ್‌ನಲ್ಲಿ ನಡೆಯಿತು. ಎಣಿಕೆಯಲ್ಲಿ ಗೋಲ್‌ಮಾಲ್ ಆಗಿದೆ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿ, ಮತಯಂತ್ರಗಳನ್ನು ದೆಹಲಿಗೆ ತರಿಸಿ ಅಲ್ಲೇ ಮರುಎಣಿಕೆ ಮಾಡಿಸಿದರು. ಸೋತರು ಅಂತ ಅಂದಿದ್ದವರೇ ಗೆದ್ದಿದ್ದರು. ಅದು 2025ರ ಆಗಸ್ಟ್. ಐದು ವರ್ಷದ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿಯೇ ಹೋಗಿತ್ತು. ಚಂಡೀಗಢದ ಮೇಯರ್ ಚುನಾವಣೆಯಲ್ಲಿ ಅಧಿಕಾರಿಯೇ ಎಂಟು ಮತಪತ್ರಗಳ ಮೇಲೆ ಗೀಚಿ ಅಸಿಂಧು ಅಂದಿದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ಅಲ್ಲಿ ಮೂರು ವಾರದಲ್ಲೇ, 2024ರ ಫೆಬ್ರುವರಿ 20ಕ್ಕೆ, ಸುಪ್ರೀಂ ಕೋರ್ಟು ನಿಜವಾಗಿ ಗೆದ್ದವರನ್ನು ಮೇಯರ್ ಎಂದು ಘೋಷಿಸಿತು. ಇಂಥ ವೇಗ ಅಪರೂಪ.

ಅಧಿಸೂಚನೆಗೆ ಮುಂಚಿನ ಬಾಗಿಲು ಇಲ್ಲಿ ಅಗಲವಾಗಿ ತೆರೆದಿರುತ್ತದೆ. ವಾರ್ಡಿನ ಗಡಿ ಆಗಾಗ ಬದಲು, ಚುನಾವಣೆಯಿಂದ ಚುನಾವಣೆಗೆ ಮೀಸಲಾತಿ ಬದಲು. ಆ ಪಟ್ಟಿ ಮಾಡುವುದು ರಾಜ್ಯ ಸರಕಾರ. ಅದರಲ್ಲಿ ಲೋಪ ಹುಡುಕುವುದು ಕಷ್ಟದ ಕೆಲಸವಲ್ಲ. ಒಂದು ರಿಟ್ ಅರ್ಜಿ ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರ ಇರುವ ಹೈಕೋರ್ಟ್ ಪೀಠಕ್ಕೆ ಹೋಗುತ್ತದೆ. ಸರಕಾರ ಉತ್ತರ ಕೊಡಲು ಸಮಯ ಕೇಳುತ್ತದೆ, ಮತ್ತೆ ಕೇಳುತ್ತದೆ. ತಡವಾದಷ್ಟೂ ಊರು ಅಧಿಕಾರಿಗಳ ಕೈಯಲ್ಲಿ. ಅರ್ಜಿದಾರ ಪ್ರಾಮಾಣಿಕನೇ ಇರಬಹುದು. ಲಾಭ ಮಾತ್ರ ಸರಕಾರಕ್ಕೆ.

ಇದು ಸುಪ್ರೀಂ ಕೋರ್ಟಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಅವಧಿ ಮುಗಿಯುವುದರೊಳಗೆ ಚುನಾವಣೆ ಮಾಡಲೇಬೇಕು ಅಂತ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿತು. ಹೊಸ ವಿಂಗಡಣೆ ಮುಗಿದಿಲ್ಲವೆಂದರೆ ಹಳೆಯ ವಾರ್ಡುಗಳಲ್ಲೇ ಮಾಡಿ ಎಂಬುದು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶಕ್ಕೆ ಕೊಟ್ಟ ಆದೇಶ. ಅದೇ ಕೋರ್ಟು 2021ರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಗೆ ಮೂರು ಷರತ್ತು ಹಾಕಿತ್ತು. ಆಯೋಗ ರಚಿಸಿ ಅಂಕಿಅಂಶ ತೆಗೆಯಬೇಕು, ಒಂದೊಂದು ಸಂಸ್ಥೆಗೂ ಲೆಕ್ಕ ಹಾಕಿ ಪ್ರಮಾಣ ನಿಗದಿ ಮಾಡಬೇಕು, ಒಟ್ಟು ಮೀಸಲಾತಿ ಶೇ 50 ದಾಟಬಾರದು. ಷರತ್ತು ನ್ಯಾಯದ್ದೇ. ಆದರೆ ಚುನಾವಣೆ ಮುಂದೂಡಲು ನೆಪ ಹುಡುಕುವ ಸರಕಾರಗಳಿಗೆ ಅದೂ ಒಂದು ಹಗ್ಗವಾಯಿತು.

ನಮ್ಮ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳನ್ನೇ ನೋಡಿ. 2016ರಲ್ಲಿ ಚುನಾವಣೆಯಾಗಿ 2021ರಲ್ಲಿ ಅವಧಿ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ತಯಾರಿ ನಡೆಸಿತ್ತು. ಆಗ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಕೆಲಸವನ್ನು ಆ ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ವಿಷಯ ಹೈಕೋರ್ಟಿಗೆ ಹೋಯಿತು. ಸರಕಾರ ಬದಲಾದರೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಇಷ್ಟರಲ್ಲಿ ಕೋರ್ಟಿನ ಪಾಲೆಷ್ಟು, ಸರಕಾರದ ಪಾಲೆಷ್ಟು? ನನ್ನನ್ನು ಕೇಳಿದರೆ ಮುಕ್ಕಾಲು ಸರಕಾರದ್ದು. ಆದರೂ ಇಂತಿಷ್ಟು ದಿನದಲ್ಲಿ ಅಂತಿಮ ಪಟ್ಟಿ ತನ್ನಿ, ತಪ್ಪಿದರೆ ಹಳೆಯ ವಿಂಗಡಣೆಯಲ್ಲೇ ಚುನಾವಣೆ ಅಂತ ಕೋರ್ಟು ಮೊದಲ ವಾಯಿದೆಯಲ್ಲೇ ಹೇಳಿದರೆ ಕಥೆ ಬೇರೆಯಾಗುತ್ತಿತ್ತು.

ಸೊಸೈಟಿಯಲ್ಲಿ ಕಂಡುಕೊಂಡ ದಾರಿ

ಇದಕ್ಕೊಂದು ಮಧ್ಯದ ದಾರಿ ನಮ್ಮ ಸಹಕಾರ ಸಂಘಗಳ ಚುನಾವಣೆಯಲ್ಲೇ ಇದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ಸೀಮೆ ಇದು. ಸೊಸೈಟಿ ಚುನಾವಣೆಯ ಬಿಸಿ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಮತದಾನ ಹತ್ತಿರ ಬಂತು ಅನ್ನುವಾಗ ಅರ್ಹರ ಪಟ್ಟಿ, ಅನರ್ಹರ ಪಟ್ಟಿ ಬೋರ್ಡಿಗೆ ಬೀಳುತ್ತದೆ. ಸಾಮಾನ್ಯ ಸಭೆಗೆ ಬಂದಿಲ್ಲ, ಸಂಘದ ಜೊತೆ ವ್ಯವಹಾರ ಮಾಡಿಲ್ಲ ಎಂದು ನೂರಾರು ಜನರ ಹೆಸರು ಅನರ್ಹರಲ್ಲಿ. ಸಭೆಯ ನೋಟಿಸೇ ಬಂದಿಲ್ಲ ಅನ್ನುವುದು ಅವರ ಉತ್ತರ. ಗುಂಪಾಗಿ ಹೈಕೋರ್ಟಿಗೆ ಹೋಗುತ್ತಾರೆ.

ಇಂಥ ಹೊತ್ತಿನಲ್ಲಿ ಹೈಕೋರ್ಟು ಎಷ್ಟೋ ಸಲ ಚುನಾವಣೆ ನಿಲ್ಲಿಸುವುದಿಲ್ಲ. ಇವರಿಗೂ ಮತ ಹಾಕಲು ಬಿಡಿ, ಆದರೆ ಇವರ ಮತಪತ್ರಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಡಿ, ಕೋರ್ಟು ಹೇಳುವವರೆಗೆ ಫಲಿತಾಂಶ ಘೋಷಿಸಬೇಡಿ ಅನ್ನುತ್ತದೆ. ಹಾಗಾಗಿ ಮತದಾನದ ದಿನ ಟೇಬಲ್ಲಿನ ಮೇಲೆ ಎರಡು ಪೆಟ್ಟಿಗೆ. ಚುನಾವಣೆಯೂ ನಿಲ್ಲಲಿಲ್ಲ, ತಕರಾರೂ ಸಾಯಲಿಲ್ಲ. ಕಿರಿಕಿರಿ ಇಲ್ಲದಿಲ್ಲ. ಫಲಿತಾಂಶ ತಿಂಗಳುಗಟ್ಟಲೆ ನಿಲ್ಲುವುದುಂಟು, ಅಷ್ಟು ದಿನ ಸಂಘಕ್ಕೆ ಹೊಸ ಆಡಳಿತ ಮಂಡಳಿ ಇರುವುದಿಲ್ಲ. ಹಾಗಾದಾಗ ವಕೀಲರು ಮೊದಲ ಪೆಟ್ಟಿಗೆಯ ಲೆಕ್ಕ ಹಿಡಿದು ಮತ್ತೆ ಕೋರ್ಟಿಗೆ ಹೋಗುತ್ತಾರೆ. ಬೇರೆ ಇಟ್ಟ ಮತಗಳು ಎಷ್ಟು, ಮೊದಲ ಪೆಟ್ಟಿಗೆಯಲ್ಲಿ ಗೆದ್ದವರ ಅಂತರ ಎಷ್ಟು? ಬೇರೆ ಇಟ್ಟಿದ್ದು ನಲವತ್ತು, ಅಂತರ ಇನ್ನೂರು ಎಂದಾದರೆ ಫಲಿತಾಂಶ ಹೇಳಿಬಿಡಿ ಎಂದು ಕೇಳಲು ದಾರಿ ಇದೆ. ಬೇರೆ ಇಟ್ಟಿದ್ದು ಇನ್ನೂರು, ಅಂತರ ನಲವತ್ತು ಎಂದಾದರೆ ಆ ಪೆಟ್ಟಿಗೆ ತೆರೆಯಬೇಕೋ ಬೇಡವೋ ಎಂಬ ವಾದ ಪೂರ್ತಿ ನಡೆಯಲೇಬೇಕು.